ರಸೀದಿ ಮೇಡಂ, ಹುಣಸೂರು

ದಾನ ಕೇಳಿಕೊಂಡು ಊರೂರು ತಿರುಗುವವರಿಗೆ ಒಂದು ಮನೆಯಲ್ಲಿ ಕಾಫಿ ಸಿಗುತ್ತದೆ, ಇನ್ನೊಂದು ಮನೆಯಲ್ಲಿ ಬೈಗುಳ ಸಿಗುತ್ತದೆ, ಅಪರೂಪಕ್ಕೆ ದಾನವೂ ಸಿಗುತ್ತದೆ. ತಪ್ಪದೆ ಸಿಗುವುದು ಮಾತ್ರ ಇಂಥ ಪ್ರಸಂಗಗಳು. ಬೇಡವೆಂದರೂ ಚೀಲಕ್ಕೆ ಬಂದು ಬೀಳುತ್ತವೆ, ರಸೀದಿಯನ್ನೂ ಕೇಳುವುದಿಲ್ಲ.

ಹುಣಸೂರಿನಲ್ಲಿ ಕಿವಿ ಕೇಳದ ಮಕ್ಕಳಿಗೊಂದು ವಸತಿ ಶಾಲೆ ಇತ್ತು. ಇಪ್ಪತ್ತೆರಡು ಮಕ್ಕಳು, ಇಬ್ಬರು ಟೀಚರು, ಒಬ್ಬ ಅಡುಗೆಯಾಕೆ, ಮತ್ತೆ ಆಫೀಸು. ಆಫೀಸು ಅಂದರೆ ನಾನು. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ, ಅಲ್ಲಿ ಇಲ್ಲಿ ಕೆಲಸ ಮಾಡಿ, ಅಮ್ಮ ಹೋದ ಮೇಲೆ ಒಂದು ವರ್ಷ ಇದ್ದು ನೋಡೋಣ ಅಂತ ಬಂದವಳು ಹನ್ನೆರಡು ವರ್ಷ ಅಲ್ಲೇ ಉಳಿದೆ. ಮಕ್ಕಳು ಕೈಯಲ್ಲೇ ಮಾತಾಡುತ್ತಿದ್ದವು, ಕೈಯಲ್ಲೇ ಜಗಳ ಆಡುತ್ತಿದ್ದವು. ಟೀಚರುಗಳೂ ಅದೇ ಅಭ್ಯಾಸದಲ್ಲಿ ನನ್ನ ಮುಂದೂ ಕೈ ಆಡಿಸಿ ಹೋಗಿಬಿಡುತ್ತಿದ್ದರು. ನನಗೆ ಆ ಭಾಷೆ ಅರ್ಧಂಬರ್ಧ ಬರುತ್ತಿತ್ತು. ಒಮ್ಮೆ ‘ಊಟ ಆಯ್ತಾ’ ಎಂದು ಕೇಳಲು ಹೋಗಿ ‘ಆನೆ ಬಂತಾ’ ಎಂದು ಕೇಳಿ, ಇಪ್ಪತ್ತೆರಡು ಮಕ್ಕಳನ್ನೂ ಕಿಟಕಿಗೆ ಓಡಿಸಿದ್ದೆ. ಹಾಗಾಗಿ ಬಾಯಿ ಬಿಟ್ಟು ನಾಲ್ಕು ಮಾತಾಡಬೇಕು ಅನ್ನಿಸಿದರೆ ನಾನು ಬಸ್ಸು ಹತ್ತಿ ಚಂದಾ ಎತ್ತಲು ಹೋಗಬೇಕಿತ್ತು.

ಶಾಲೆ ನಡೆಯುತ್ತಿದ್ದದ್ದು ಬಾಡಿಗೆ ಮನೆಯಲ್ಲಿ. ಮನೆ ಯಜಮಾನರು ಪ್ರತಿ ವರ್ಷ ‘ಮುಂದಿನ ಮೇ ಒಳಗೆ ಬಿಟ್ಟುಕೊಡಿ’ ಎನ್ನುವರು, ಪ್ರತಿ ವರ್ಷ ಸುಮ್ಮನಾಗುವರು. ಊರಾಚೆ ನಮ್ಮದೇ ಒಂದು ನಿವೇಶನ ಇತ್ತು. ಬಂದ ದಾನದಲ್ಲಿ ಪಾಯ ಆಗಿ, ಗೋಡೆ ಎದ್ದು ನಿಂತಿತ್ತು. ಸೂರು ಆಗಬೇಕಿತ್ತು. ಸೂರಿಗೆಂದು ನನ್ನ ಹತ್ತಿರ ಇದ್ದ ಬಂಡವಾಳ ಒಂದೇ, ಎಂಬತ್ತು ಜಿ.

ಆದಾಯ ತೆರಿಗೆಯಲ್ಲಿ ಎಂಬತ್ತು ಜಿ ಅಂತ ಒಂದು ವಿನಾಯಿತಿ ಇದೆ. ತೆರಿಗೆ ಕಟ್ಟುವವರು ನಮ್ಮಂಥವರಿಗೆ ಸಾವಿರ ರೂಪಾಯಿ ಕೊಟ್ಟು ರಸೀದಿ ಪಡೆದರೆ, ಅದರರ್ಧ ಐನೂರನ್ನು ಅವರ ಆದಾಯದಿಂದ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ ಹಾಕುತ್ತಾರೆ. ಇದು ನನಗೆ ಅರ್ಥವಾಗಲು ಮೂರು ವರ್ಷದ ಬಿ.ಕಾಂ. ಹಿಡಿಯಿತು. ಬೇರೆಯವರಿಗೆ ಅರ್ಥ ಮಾಡಿಸಲು ಹನ್ನೆರಡು ವರ್ಷ ಸಾಲಲಿಲ್ಲ.

೧. ಅರ್ಧ ನಂದು, ಅರ್ಧ ಸರ್ಕಾರದ್ದು

ಕೆ.ಆರ್. ನಗರದಲ್ಲಿ ಒಬ್ಬರು ಬಟ್ಟೆ ಅಂಗಡಿ ಯಜಮಾನರಿದ್ದರು. ಗಾದಿಯ ಮೇಲೆ ದಿಂಬಿಗೊರಗಿ ಕೂತು ನನ್ನ ವಿವರಣೆಯನ್ನು ಪೂರ್ತಿ ಕೇಳಿದರು. ಕೇಳಿ, ‘ಅಂದ್ರೆ ಅರ್ಧ ನಂದು, ಅರ್ಧ ಸರ್ಕಾರದ್ದು’ ಎಂದರು.

ಹಾಗಲ್ಲ, ಆದಾಯದಲ್ಲಿ ಅಷ್ಟು ಕಳೆದು ಆಮೇಲೆ ತೆರಿಗೆ ಎಂದು ಮತ್ತೆ ಮೊದಲಿನಿಂದ ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

‘ಲೆಕ್ಕ ನಂಗೆ ಬಿಡಿ ಮೇಡಂ. ನನ್ನರ್ಧ ಐನೂರು ತಗೊಳ್ಳಿ. ಸರ್ಕಾರದರ್ಧ ನೀವೇ ಹೋಗಿ ಈಸ್ಕೊಳ್ಳಿ. ರಸೀದಿ ಮಾತ್ರ ಸಾವಿರಕ್ಕೆ ಹಾಕಿ.’

ಅವರದೇ ಸೀರೆ, ಅವರದೇ ಪಂಚೆ ಇಟ್ಟುಕೊಂಡು ಇನ್ನೊಂದು ಸಲ ವಿವರಿಸಿದೆ. ಇದು ರಿಯಾಯಿತಿ ಅಲ್ಲ, ವಿನಾಯಿತಿ ಎಂದೆ. ಎರಡಕ್ಕೂ ಏನು ವ್ಯತ್ಯಾಸ ಎಂದರು. ರಿಯಾಯಿತಿಯಲ್ಲಿ ಗಿರಾಕಿಗೆ ತಕ್ಷಣ ಖುಷಿ, ವಿನಾಯಿತಿಯಲ್ಲಿ ಒಂದು ವರ್ಷ ಬಿಟ್ಟು ಎಂದೆ. ಆ ಉತ್ತರ ಅವರಿಗೆ ಹಿಡಿಸಿತು. ವ್ಯಾಪಾರಸ್ಥರು ನೋಡಿ. ಸಾವಿರ ಎಣಿಸಿ ಕೊಟ್ಟರು. ಎರಡು ಮೂಟೆ ಸಿಮೆಂಟಿಗೆ ಆಗಿ ಇನ್ನೂ ಮಿಗುವಷ್ಟು ಎಂದು ನಾನು ಒಳಗೇ ಲೆಕ್ಕ ಹಾಕುತ್ತಿದ್ದೆ.

ಎದ್ದು ಹೊರಟಾಗ, ಬಂದಿದ್ದೀರಿ, ಮನೆಯವರಿಗೆ ಏನಾದರೂ ತಗೊಂಡು ಹೋಗಿ ಎಂದರು. ಮನೆಯಲ್ಲಿ ಯಾರೂ ಇಲ್ಲ, ನಾನೊಬ್ಬಳೇ ಎಂದೆ.

‘ಹಂಗಾದ್ರೆ ಒಂದೇ ಟವಲು ಸಾಕು’ ಎಂದು ತಾವೇ ಆರಿಸಿ, ಪೊಟ್ಟಣ ಕಟ್ಟಿ ಕೊಟ್ಟು, ದುಡ್ಡು ತಗೊಂಡರು. ಟವಲಿಗೆ ವಿನಾಯಿತಿಯೂ ಇರಲಿಲ್ಲ, ರಿಯಾಯಿತಿಯೂ ಇರಲಿಲ್ಲ.

೨. ಬಿಟ್ಟುಹೋದ ಅಕ್ಷರ

ಮನವಿ ಪತ್ರ ಬರೆದು, ಟೈಪು ಮಾಡಿಸಿ, ಜೆರಾಕ್ಸ್ ಮಾಡಿಸಿ, ಮಕ್ಕಳ ಮನೆಗಳಿಗೂ ಒಂದೊಂದು ಕಳಿಸಿದ್ದೆ. ನಿಮ್ಮ ಕಡೆಯ ನೌಕರರಿಗೆ, ವ್ಯಾಪಾರಿಗಳಿಗೆ ತೋರಿಸಿ ಎನ್ನುವುದು ನನ್ನ ಉದ್ದೇಶ. ‘ಎಂಬತ್ತು ಜಿ ಪ್ರಕಾರ ದಾನ ನೀಡಿ ಸಹಕರಿಸಿ’ ಎಂದು ಕೆಳಗೆ ದಪ್ಪ ಅಕ್ಷರದಲ್ಲಿ ಇತ್ತು.

ಒಂದು ಬೆಳಗ್ಗೆ ಶಾಲೆ ಮುಂದೆ ಟೆಂಪೋ ನಿಂತಿತು. ಭೇರ್ಯದ ಹತ್ತಿರದ ಹಳ್ಳಿಯ ರೈತ, ನಮ್ಮ ಶಾಲೆಯ ಒಂದು ಹುಡುಗಿಯ ಅಪ್ಪ, ಎರಡು ಮೂಟೆ ಅಕ್ಕಿ ಇಳಿಸುತ್ತಿದ್ದ.

‘ಸರ್ಯಾಗಿ ಎಂಬತ್ತು ಕೇಜಿ ಅದೆ ಮೇಡಮ್ಮೋರೆ. ತೂಕ ಆಕುಸ್ಕೊಂಡೇ ಬಂದಿವ್ನಿ’ ಎಂದ.

ಏನಿದು ಎಂದೆ. ಅವನು ಜೇಬಿನಿಂದ ನನ್ನ ಮನವಿ ಪತ್ರ ತೆಗೆದು ತೋರಿಸಿದ. ಊರಿನ ಮೇಷ್ಟ್ರ ಕೈಲಿ ಓದಿಸಿದ್ದನಂತೆ. ಮೇಷ್ಟ್ರು, ‘ಇದು ಕೇಜಿ ಕಣಪ್ಪ, ಟೈಪು ಮಾಡುವಾಗ ಒಂದಕ್ಷರ ಬಿಟ್ಟುಹೋಗಿದೆ’ ಎಂದು ಹೇಳಿ, ಜಿ ಅಕ್ಷರದ ಹಿಂದೆ ಕೆಂಪು ಇಂಕಿನಲ್ಲಿ ‘ಕೆ’ ಸೇರಿಸಿ ತಿದ್ದಿಯೂ ಕೊಟ್ಟಿದ್ದರು.

ನಾನು ಕೂರಿಸಿ ವಿವರಿಸಿದೆ. ಇದು ತೆರಿಗೆ ವಿನಾಯಿತಿ, ಅಕ್ಕಿ ಕೊಟ್ಟರೆ ಸಿಗಲ್ಲ, ಹಣವೇ ಕೊಡಬೇಕು, ಅದೂ ಅಲ್ಲದೆ ನಿಮಗೆ ವಿನಾಯಿತಿಯ ಅಗತ್ಯವೇ ಇಲ್ಲ ಎಂದೆ.

‘ಯಾಕೆ, ನಾವೇನು ತಪ್ಪು ಮಾಡುದ್ವಿ?’

ತಪ್ಪಲ್ಲ, ಬೇಸಾಯದ ಆದಾಯಕ್ಕೆ ತೆರಿಗೆಯೇ ಇಲ್ಲ ಎಂದೆ. ಅವನು ಮೂಟೆಯ ಮೇಲೆ ಕೈಯಿಟ್ಟುಕೊಂಡು ಯೋಚಿಸಿದ.

‘ಕಟ್ಟೋರ್ಗೆ ಇನಾಯ್ತಿ. ಕಟ್ದೆ ಇರೋರ್ಗೆ ಏನೂ ಇಲ್ಲ. ಇದ್ಯಾವ ನ್ಯಾಯ ಮೇಡಮ್ಮೋರೆ?’

ಅಷ್ಟರಲ್ಲಿ ಮಗಳು ಓಡಿಬಂದು, ಮೂಟೆಯ ಬಾಯಿ ಸಡಿಲಿಸಿ, ಒಂದು ಹಿಡಿ ಅಕ್ಕಿ ತೆಗೆದು ಮೂಸಿ, ಕೈಯಲ್ಲಿ ಏನೋ ಹೇಳಿತು. ಏನಂತದೆ ಎಂದು ಅಪ್ಪ ನನ್ನನ್ನು ಕೇಳಿದ. ದೇವರ ದಯೆ, ಅದು ನನಗೆ ಗೊತ್ತಿದ್ದ ಸನ್ನೆ. ‘ನಮ್ಮನೆ ಅಕ್ಕಿ’ ಅಂತಿದ್ದಾಳೆ ಎಂದೆ. ಅವನು ಮೂಟೆಯ ಬಾಯಿ ಮತ್ತೆ ಬಿಗಿದು ಕಟ್ಟಿದ.

ಹೊರಡುವಾಗ ಒಂದು ಸಲಹೆ ಕೊಟ್ಟುಹೋದ. ‘ಬರೋ ವರ್ಸ ಅದನ್ನ ನೂರು ಜಿ ಮಾಡ್ಸಿ. ಎಂಬತ್ತು ತೂಗೋದು ಬಲೇ ತರ್ಲೆ ಕೆಲ್ಸ. ನೂರಾದ್ರೆ ಸರೀಗೆ ಒಂದು ಕ್ವಿಂಟಾಲು.’

೩. ಗುಪ್ತದಾನ

ಸಾಲಿಗ್ರಾಮದ ದಿನಸಿ ವ್ಯಾಪಾರಿಯೊಬ್ಬರು, ಹಣೆ ತುಂಬ ವಿಭೂತಿ, ನನ್ನನ್ನು ಅಂಗಡಿಯ ಹಿಂದಿನ ಉಗ್ರಾಣಕ್ಕೆ ಕರೆದು, ಬಾಗಿಲು ಮುಂದೆ ಮಾಡಿ, ಐದು ಸಾವಿರದ ಚೆಕ್ಕು ಕೈಗಿಟ್ಟರು. ಇದು ಗುಪ್ತದಾನ, ಮನೆಯವರಿಗೂ ಗೊತ್ತಾಗಬಾರದು ಎಂದರು. ತುಂಬ ದೊಡ್ಡ ಮನಸ್ಸು ಎಂದು ನಾನು ಹೊರಟಿದ್ದೆ. ರಸೀದಿ ಎಂದರು.

ರಸೀದಿ ಬೇಕಾದರೆ ಹೆಸರು ಬರೆಯಬೇಕಲ್ಲ ಎಂದೆ.

‘ಬರೀರಿ. ಓದಬ್ಯಾಡಿ’ ಎಂದರು.

ಬರೆದೆ. ಅಡಿಯಲ್ಲಿ ಕಾರ್ಬನ್ ಇಟ್ಟಿದ್ದು ನೋಡಿ ಅದನ್ನು ತೆಗೆಯಿರಿ ಎಂದರು. ನಕಲು ಪ್ರತಿ ಉಳಿಯಲೇಬೇಕು, ಇಲ್ಲದಿದ್ದರೆ ವಿನಾಯಿತಿ ಸಿಗದು ಎಂದೆ. ವಿನಾಯಿತಿ ಎಂದ ಕೂಡಲೆ, ಹಾಗಾದರೆ ಒತ್ತಿ ಬರೀರಿ, ಚೆನ್ನಾಗಿ ಮೂಡಲಿ ಎಂದರು.

ಹದಿನೈದು ದಿನ ಬಿಟ್ಟು ಫೋನು ಮಾಡಿದರು. ಯಾರಿಗೂ ಗೊತ್ತಾಗಿಲ್ಲ ತಾನೆ ಎಂದರು. ಇಲ್ಲ ಎಂದೆ. ಇನ್ನೊಂದು ವಾರ ಬಿಟ್ಟು ಮತ್ತೆ ಫೋನು.

‘ಒಬ್ಬರ್ಗೂ ಗೊತ್ತಾಗಿಲ್ವಾ?’

ಒಬ್ಬರಿಗೂ ಇಲ್ಲ ಎಂದೆ. ನಿಮ್ಮ ಮಕ್ಕಳಿಗೂ ಹೇಳಿಲ್ಲವಾ ಎಂದರು. ಮಕ್ಕಳಿಗೆ ಕಿವಿ ಕೇಳಿಸಲ್ಲ, ನೀವು ನಿಶ್ಚಿಂತೆಯಿಂದ ಇರಿ ಎಂದೆ. ಆ ಕಡೆಯಿಂದ ಒಂದು ‘ಹೂಂ’ ಬಂತು. ನಿಶ್ಚಿಂತೆಯ ‘ಹೂಂ’ ಥರ ಕೇಳಿಸಲಿಲ್ಲ.

ಮೂರನೇ ಸಲ ಅವರೇ ಹುಣಸೂರಿಗೆ ಬಂದರು. ಅಷ್ಟೊಂದು ಗುಪ್ತವಾಗಿ ಇಡುವ ಅಗತ್ಯ ಇಲ್ಲ, ಹೊಸ ಕಟ್ಟಡದ ಬಾಗಿಲ ಪಕ್ಕ ಒಂದು ಕಲ್ಲು ಹಾಕಿಸಿ ಎಂದರು.

‘ಮೇಲೆ ದೊಡ್ಡದಾಗಿ ಗುಪ್ತದಾನಿಗಳು ಅಂತ ಕೆತ್ಸಿ. ಅದರ ಕೆಳಗೆ ನಮ್ಮ ಹೆಸರು ಬರ್ಲಿ.’

೪. ಏಪ್ರಿಲ್ ಒಂದು

ಮಾರ್ಚ್ ತಿಂಗಳಲ್ಲಿ ನಾನು ನಾಲ್ಕು ತಾಲ್ಲೂಕಿನ ಮುದ್ದಿನ ಮಗಳು. ವರ್ಷದ ತೆರಿಗೆ ಲೆಕ್ಕ ಮುಗಿಯುವ ಮೊದಲು ರಸೀದಿ ಬೇಕಲ್ಲ. ಪಿರಿಯಾಪಟ್ಟಣದಿಂದ ಡಾಕ್ಟರು, ಎಚ್.ಡಿ. ಕೋಟೆಯಿಂದ ಹೆಡ್ಮಾಸ್ಟರು, ಒಬ್ಬರಾದ ಮೇಲೆ ಒಬ್ಬರು ಫೋನು. ಎಲ್ಲರೂ ಮೊದಲು ಹೇಗಿದ್ದೀರಿ ಎಂದು ಕೇಳುವರು. ವರ್ಷದಲ್ಲಿ ಒಂದು ತಿಂಗಳು ಹೀಗೆ ದಿನಕ್ಕೆ ಹತ್ತು ಸಲ ಚೆನ್ನಾಗಿದ್ದೇನೆ ಎಂದು ಹೇಳಿ ಹೇಳಿ, ನಿಜವಾಗಿಯೂ ಚೆನ್ನಾಗಿರುತ್ತಿದ್ದೆ.

ಏಪ್ರಿಲ್ ಒಂದನೇ ತಾರೀಖು ಫೋನು ಸತ್ತಹಾಗೆ ಕೂರುತ್ತಿತ್ತು. ಒಂದು ಏಪ್ರಿಲಿನಲ್ಲಿ ಮೂರು ದಿನ ಕಾದು, ನಾಲ್ಕನೇ ದಿನ ದೂರವಾಣಿ ಕಚೇರಿಗೆ ದೂರು ಬರೆದುಕೊಟ್ಟೆ. ಲೈನ್‌ಮನ್ ಬಂದ. ಕಂಬ ಹತ್ತಿದ, ಇಳಿದ, ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡ, ತನ್ನ ಆಫೀಸಿಗೆ ಒಂದು ಸಲ ಮಾತಾಡಿದ.

‘ಫೋನ್ ಸರಿಯಾಗೇ ಅದೆ ಮೇಡಂ’ ಎಂದ. ‘ಮಾಡೋರು ಇಲ್ಲ ಅಷ್ಟೆ.’

೫. ಯಾರ ಮನೆಯೋರು

ಒಬ್ಬಳಿಗೆ ಸಾರು ಮಾಡುವುದು ಕಷ್ಟ. ಬೇಳೆ ಅಳತೆಗೆ ಸಿಕ್ಕುವುದಿಲ್ಲ. ಎಷ್ಟು ಕಡಿಮೆ ಹಾಕಿದರೂ ಮೂರು ದಿನದ ಸಾರಾಗುತ್ತದೆ. ಅದಕ್ಕೇ ನಾನು ಬಂದ ಮದುವೆ ಕಾಗದಕ್ಕೆಲ್ಲ ಹೋಗುತ್ತಿದ್ದೆ. ಮಕ್ಕಳ ಮನೆಯವರು, ದಾನಿಗಳು, ಅವರ ಬೀಗರು, ಎಲ್ಲರೂ ಕಾಗದ ಕೊಡುತ್ತಿದ್ದರು. ಕಿಟಕಿಯ ಸರಳಿಗೆ ಸಿಕ್ಕಿಸಿದ ಕಾಗದಗಳಿಂದಾಗಿ ವೈಶಾಖದಲ್ಲಿ ನನ್ನ ಕೋಣೆಗೆ ಬೆಳಕೇ ಬರುತ್ತಿರಲಿಲ್ಲ.

ಅಕ್ಕಿ ತಂದಿದ್ದ ಭೇರ್ಯದ ರೈತನ ತಮ್ಮನ ಮದುವೆ. ಊಟದ ಮನೆಯ ಬಾಗಿಲಲ್ಲೇ ಮೇಜು ಹಾಕಿಕೊಂಡು ಒಬ್ಬ ಮುಯ್ಯಿ ಬರೆಯುತ್ತಿದ್ದ. ಮುಯ್ಯಿ ಅಂದರೆ ಗೊತ್ತಲ್ಲ. ಇವತ್ತು ನಿಮ್ಮ ಮನೆ ಕಾರ್ಯಕ್ಕೆ ನಾನು ಐವತ್ತೊಂದು ಬರೆಸಿದರೆ, ನಾಳೆ ನನ್ನ ಮನೆ ಕಾರ್ಯಕ್ಕೆ ನೀವು ಅದರ ಮೇಲೆ ಒಂದಿಷ್ಟು ಸೇರಿಸಿ ಬರೆಸಬೇಕು. ಆ ಪುಸ್ತಕ ಮನೆಯ ಪೆಟ್ಟಿಗೆಯಲ್ಲಿ, ಜಮೀನಿನ ಪತ್ರದ ಜೊತೆ ಇರುತ್ತದೆ.

ಯಾವೂರು ಎಂದ. ಹುಣಸೂರು ಎಂದೆ.

‘ಯಾರ ಮನೆಯೋರು?’

ನಾನೊಬ್ಬಳೇ ಎಂದೆ. ಅವನು ತಲೆಯೆತ್ತಿದ. ಗಂಡನದೋ ಅಪ್ಪನದೋ ಒಂದು ಹೆಸರು ಹೇಳಿ, ಇಲ್ಲದಿದ್ದರೆ ನಾಳೆ ಇದನ್ನು ಯಾರ ಮನೆ ಕಾರ್ಯಕ್ಕೆ ವಾಪಸು ಮಾಡೋದು ಎಂದ. ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೋ ಹಸಿದವರು ಹಿಂದಿನಿಂದ ಕೂಗಿದರು. ‘ರಸೀದಿ ಮೇಡಂ ಕಣ್ಲಾ. ಬರ್ಕೊಳ್ಳಾ ಬೇಗ.’

ಅವನು ‘ರಸೀದಿ ಮೇಡಂ, ಹುಣಸೂರು, ೫೧’ ಎಂದು ಬರೆದುಕೊಂಡ. ನಾನು ಅಭ್ಯಾಸಬಲದಿಂದ ಕೈ ನೀಡಿ, ರಸೀದಿ ಎಂದೆ.

‘ಊಟ ಮಾಡ್ಕೊಂಡ್ ಬನ್ನಿ, ತೆಂಗಿನ್ಕಾಯಿ ಕೊಡ್ತೀವಿ. ಅದೇ ರಸೀದಿ’ ಎಂದ.

ಆಮೇಲೆ ನಾಲ್ಕು ತಾಲ್ಲೂಕಿನ ಮುಯ್ಯಿ ಪುಸ್ತಕಗಳಲ್ಲೂ ನನಗೆ ಅದೇ ಹೆಸರು ನಿಂತಿತು. ಐವತ್ತೊಂದು, ಇಪ್ಪತ್ತೊಂದು, ಕೈಯಲ್ಲಿ ಕಾಸಿದ್ದ ತಿಂಗಳು ನೂರೊಂದು. ಬರೆಸಿದ್ದೇ ಬರೆಸಿದ್ದು. ವಾಪಸು ಬರೆಸಿಕೊಳ್ಳಲು ನನ್ನ ಮನೆಯಲ್ಲಿ ಮದುವೆ ಇಲ್ಲ, ನಾಮಕರಣ ಇಲ್ಲ. ಇದರಿಂದ ನನಗಿಂತ ಹೆಚ್ಚು ಸಂಕಟಪಟ್ಟವಳು ಆ ರೈತನ ತಾಯಿ. ಎಲ್ಲಿ ಸಿಕ್ಕಿದರೂ, ಯಾವಾಗವ್ವ ನಿಮ್ಮನೇಲಿ ಕಾರ್ಯ ಎಂದು ಕೇಳುವಳು. ನಾನೊಬ್ಬಳೇ ಇರೋದಲ್ಲವಾ ಅಜ್ಜಿ, ಯಾವ ಕಾರ್ಯ ಮಾಡಲಿ ಎನ್ನುತ್ತಿದ್ದೆ.

ಒಂದು ದಿನ ಅಜ್ಜಿಗೆ ತಾಳ್ಮೆ ಕೆಟ್ಟಿತು.

‘ಅಂಗಂದ್ರೆ ನಮ್ ಬಾಕಿ ತೀರ್ಸೋದೆಂಗೆ? ಒಂದು ನಾಯಿ ಸಾಕ್ಕೋ. ಅದಕ್ಕಾದ್ರೂ ನಾಮಕರಣ ಮಾಡು. ಬತ್ತೀವಿ.’

೬. ಒಂದು ಸಹಿ

ಹನ್ನೆರಡನೇ ವರ್ಷದ ಜನವರಿಯಲ್ಲಿ ಮನೆ ಯಜಮಾನರು ಬಂದು, ಕುಳಿತುಕೊಳ್ಳದೆ, ನಿಂತೇ ಮಾತಾಡಿದರು. ಮನೆ ಮಾರಿಬಿಟ್ಟಿದ್ದರು. ಮೇ ಮುಗಿಯುವುದರೊಳಗೆ ಖಾಲಿ ಮಾಡಲೇಬೇಕಿತ್ತು. ಬೇಸಿಗೆ ರಜೆಗೆ ಊರಿಗೆ ಹೋದ ಮಕ್ಕಳು ಜೂನಿಗೆ ಬರುವಷ್ಟರಲ್ಲಿ ಹೊಸ ಕಟ್ಟಡಕ್ಕೆ ಸೂರಾಗಬೇಕು, ಇಲ್ಲವೆಂದರೆ ಬರಬೇಡಿ ಎಂದು ಕಾಗದ ಬರೆಯಬೇಕು. ಹಾಗೆ ಒಂದು ವರ್ಷ ಮನೆಯಲ್ಲಿ ಉಳಿದ ಮಗು ದನ ಮೇಯಿಸಲು ಹೋಗುತ್ತದೆ. ಮತ್ತೆ ಶಾಲೆಗೆ ಬರುವುದಿಲ್ಲ. ಹಾಗೆ ಹೋದ ಇಬ್ಬರನ್ನು ನಾನೇ ನೋಡಿದ್ದೆ.

ಮಾರ್ಚ್ ಇದೆಯಲ್ಲ ಎಂದುಕೊಂಡೆ. ಎಂಬತ್ತು ಜಿ ಪತ್ರವನ್ನು ಕೆಲವು ವರ್ಷಕ್ಕೊಮ್ಮೆ ನವೀಕರಿಸಬೇಕು. ಅರ್ಜಿ ಹಾಕಿದ್ದೆ. ಫೆಬ್ರವರಿಯಲ್ಲಿ ಅದು ವಾಪಸು ಬಂತು. ಹದಿನಾಲ್ಕು ಹಾಳೆಯಲ್ಲಿ ಒಂದಕ್ಕೆ ಶಾಲೆ ನಡೆಸುವ ಟ್ರಸ್ಟಿನ ಅಧ್ಯಕ್ಷರ ಸಹಿ ಇರಲಿಲ್ಲ. ಹಾಕಿಸಬೇಕಾಗಿದ್ದವಳು ನಾನು. ಎಲ್ಲರ ಲೆಕ್ಕದಲ್ಲೂ ತಪ್ಪು ಹುಡುಕುತ್ತಿದ್ದವಳು ನನ್ನದೇ ಒಂದು ಹಾಳೆ ತಿರುವಿ ನೋಡಿರಲಿಲ್ಲ. ಮತ್ತೆ ಹಾಕಿದ ಅರ್ಜಿಗೆ ಉತ್ತರ ಬರಲು ತಿಂಗಳುಗಳು ಬೇಕು.

ಹಳೆಯ ಪತ್ರ ಹಿಡಿದುಕೊಂಡೇ ಸುತ್ತಿದೆ. ಪಿರಿಯಾಪಟ್ಟಣದ ಡಾಕ್ಟರು ಅದನ್ನು ಮಾತ್ರೆಯ ಹಾಳೆ ತಿರುಗಿಸಿದಂತೆ ತಿರುಗಿಸಿ ತಾರೀಖು ನೋಡಿದರು. ‘ಎಕ್ಸ್‌ಪೈರಿ ಆಗಿದೆಯಲ್ಲಮ್ಮ. ಇಂಥದ್ದನ್ನ ನಾನು ಪೇಶೆಂಟ್‌ಗೂ ಕೊಡಲ್ಲ. ನಾನು ಹೇಗೆ ನುಂಗಲಿ?’

ಎಚ್.ಡಿ. ಕೋಟೆಯ ಹೆಡ್ಮಾಸ್ಟರು ಕಾಗದ ಬಂದ ಮೇಲೆ ಬನ್ನಿ, ಈಗ ಟೀ ಕುಡೀರಿ ಎಂದರು. ಕುಡಿದೆ. ಕೆ.ಆರ್. ನಗರದ ಬಟ್ಟೆ ಅಂಗಡಿಯವರು, ಸರ್ಕಾರವೇ ತನ್ನರ್ಧ ಕೊಡದಿದ್ದ ಮೇಲೆ ನಾನ್ಯಾಕೆ ನನ್ನರ್ಧ ಕೊಡಲಿ ಎಂದರು. ಸಾಲಿಗ್ರಾಮದವರು ನೊಂದುಕೊಂಡೇ ಹೇಳಿದರು. ‘ರಸೀದಿಗೂ ಬೆಲೆ ಇಲ್ಲ ಅಂದ್ಮೇಲೆ ಅದು ತೀರಾ ಗುಪ್ತ ಆಗೋಯ್ತದೆ ಮೇಡಂ. ಅಷ್ಟು ಗುಪ್ತ ನಮಗೆ ಬ್ಯಾಡ.’

ಆ ಮಾರ್ಚಿನಲ್ಲಿ ಫೋನು ಬಡಿದುಕೊಳ್ಳಲೇ ಇಲ್ಲ. ಲೈನ್‌ಮನ್‌ನನ್ನು ಕರೆಯಲು ಹೋಗಲಿಲ್ಲ. ಅವನೇನು ಹೇಳುತ್ತಾನೆಂದು ಗೊತ್ತಿತ್ತು. ಏಪ್ರಿಲಿನಲ್ಲಿ ಮಕ್ಕಳು ಊರಿಗೆ ಹೋದವು. ಖಾಲಿ ಮನೆಯಲ್ಲಿ ಕೂತು ಇಪ್ಪತ್ತೆರಡು ಕಾಗದ ಬರೆಯಲು ಶುರು ಮಾಡಿದೆ. ಜೂನಿಗೆ ಮಗುವನ್ನು ಕಳಿಸಬೇಡಿ ಎಂಬ ಒಂದು ಸಾಲನ್ನು ಎಷ್ಟು ಬಗೆಯಲ್ಲಿ ಬರೆದರೂ ಒಂದೇ ಥರ ಕಾಣುತ್ತಿತ್ತು. ಮೊದಲ ದಿನ ಒಂದೇ ಒಂದು ಅಂಚೆಗೆ ಹಾಕಿದೆ, ಭೇರ್ಯದ ಕಡೆಯದು.

ಮೂರನೇ ದಿನ ಆ ರೈತ ಕಾಗದ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ.

‘ಮೇಷ್ಟ್ರು ಇದ್ರಲ್ಲಿ ಯಾವಕ್ಸರ ಬಿಟ್ಟೋಗದೆ ಅಂತ ಎರಡೆರಡು ಸಲ ಹುಡುಕುದ್ರು’ ಎಂದ. ‘ಸಿಕ್ಕಿಲ್ಲ.’

೭. ಸೂರಿಲ್ಲದ ಗೃಹಪ್ರವೇಶ

ನಡೆದದ್ದನ್ನು ಹೇಳಿದೆ. ಸಹಿಯ ವಿಷಯವನ್ನೂ ಹೇಳಿದೆ. ಅವನು ಬೈಯಲಿಲ್ಲ. ಕಟ್ಟಡ ನೋಡೋಣ ಬನ್ನಿ ಎಂದ. ಹೋಗಿ ನಾಲ್ಕು ಗೋಡೆಯ ನಡುವೆ ನಿಂತು ಮೇಲೆ ನೋಡಿದ. ಮೇಲೆ ಆಕಾಶ ಇತ್ತು.

‘ಗೃಹಪ್ರವೇಸ ಇಟ್ಕೊಳ್ಳಿ’ ಎಂದ.

ಸೂರೇ ಇಲ್ಲವಲ್ಲಪ್ಪ ಎಂದೆ.

‘ಚಪ್ಪರ ಆಕುದ್ರೆ ಸೂರಲ್ವಾ? ಕಾಗ್ದದಲ್ಲಿ ನಿಮ್ಮೆಸ್ರು ಹಾಕ್ಸಿ. ಇಸ್ಕೂಲ್ ಹೆಸರು ಹಾಕುದ್ರೆ ಚಂದಾ ಅಂತಾರೆ, ಇನಾಯ್ತಿ ಕೇಳ್ತಾರೆ. ನಿಮ್ಮೆಸ್ರು ಹಾಕುದ್ರೆ ಅದು ಮುಯ್ಯಿ. ಯಾವನೂ ತಪ್ಪುಸ್ಕೊಳಂಗಿಲ್ಲ.’

ನನ್ನ ಹೆಸರು ಯಾರಿಗೂ ಗೊತ್ತಿಲ್ಲ ಎಂದೆ. ಗೊತ್ತಿರುವ ಹೆಸರನ್ನೇ ಹಾಕಿಸಿ ಎಂದ. ಹಾಗೆ ‘ರಸೀದಿ ಮೇಡಂ ಅವರ ಗೃಹಪ್ರವೇಶ’ ಎಂದೇ ಅಚ್ಚಾಯಿತು. ಅಚ್ಚಿನ ಮನೆಯವನು, ಕೊನೆಯಲ್ಲಿ ‘ತಮ್ಮ ಸುಖಾಗಮನ ಬಯಸುವವರು’ ಅಂತ ಹಾಕಬೇಕಲ್ಲ, ಮನೆಯವರ ಹೆಸರು ಬರೆದುಕೊಡಿ ಎಂದ. ಖಾಲಿ ಬಿಡಿ ಎನ್ನಲು ಬಾಯಿ ತೆರೆದವಳು, ಹಾಜರಿ ಪುಸ್ತಕ ತೆಗೆದುಕೊಟ್ಟು ಇಪ್ಪತ್ತೆರಡು ಹೆಸರೂ ಹಾಕು ಎಂದೆ. ಇಷ್ಟು ದೊಡ್ಡ ಸಂಸಾರಕ್ಕೆ ಕಾಗದ ಸಾಲಲ್ಲ ಮೇಡಂ ಎಂದು ಗೊಣಗಿ, ಸಣ್ಣ ಅಕ್ಷರದಲ್ಲಿ ಜೋಡಿಸಿದ.

ಮೇ ತಿಂಗಳ ಒಂದು ಬೆಳಗ್ಗೆ. ಗೋಡೆಯಿಂದ ಗೋಡೆಗೆ ಬಿದಿರು ಕಟ್ಟಿ ತೆಂಗಿನ ಗರಿ ಹೊದಿಸಿದ್ದರು. ಶಾಸ್ತ್ರಕ್ಕೆ ಮೊದಲು ಹಸುವನ್ನು ಒಳಗೆ ಬಿಟ್ಟರು. ಅದು ಗಂಭೀರವಾಗಿ ನಡೆದು ಬಂದು, ತಲೆಯೆತ್ತಿ, ಜೋತುಬಿದ್ದಿದ್ದ ಒಂದು ಗರಿಯನ್ನು ಬಾಯಲ್ಲಿ ಕಚ್ಚಿ ಎಳೆಯಿತು. ಸೂರಿನಲ್ಲಿ ಒಂದು ಮೂಲೆ ಹಾಗೆ ಹೋಯಿತು. ಪುರೋಹಿತರು ಬಹಳ ಶುಭ ಎಂದರು. ಬಿಸಿಲು ಅವರ ತಲೆಯ ಮೇಲೇ ಬಿದ್ದಿತ್ತು.

ಜನ ಬರುತ್ತಾರೆ ಎಂದು ನಾನು ನಂಬಿರಲಿಲ್ಲ. ಐವತ್ತು ಎಲೆ ಸಾಕು ಎಂದಿದ್ದೆ. ಭೇರ್ಯದ ರೈತ ನನ್ನ ಮಾತು ಕೇಳದೆ ಐನೂರಕ್ಕೆ ಅಡುಗೆ ಹೇಳಿದ್ದ. ಬೆಳಗಿನ ಬಸ್ಸುಗಳು ಬಂದು ನಿಂತ ಹಾಗೆ ಒಂದೊಂದೇ ಮನೆಯವರು ಇಳಿದರು. ಮನೆಯ ಮುಯ್ಯಿ ಪುಸ್ತಕವನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಂದವರೂ ಇದ್ದರು. ‘ನೋಡಿ, ನಮ್ಮ ಮಗಳ ಮದ್ವೇಲಿ ನೀವು ಐವತ್ತೊಂದು’ ಎಂದು ಬೆರಳಿಟ್ಟು ತೋರಿಸಿ, ಇನ್ನೂರೊಂದು ಬರೆಸಿದರು, ಐನೂರೊಂದು ಬರೆಸಿದರು. ಇಷ್ಟು ವರ್ಷ ತೀರಿಸಲಾಗದೆ ಉಳಿದಿದ್ದಕ್ಕೆ ಬಡ್ಡಿ ಇರಬೇಕು. ಮಕ್ಕಳ ಮನೆಯವರು ಸಾವಿರಕ್ಕೂ ಮೇಲೆ ಬರೆಸಿದರು.

ಪಿರಿಯಾಪಟ್ಟಣದ ಡಾಕ್ಟರು ಬಂದು, ಇದಕ್ಕೆ ಎಕ್ಸ್‌ಪೈರಿ ಇಲ್ಲ ತಾನೆ ಎಂದು ಕೇಳಿ ಬರೆಸಿದರು. ಬಟ್ಟೆ ಅಂಗಡಿಯವರು ಎರಡು ಸಾವಿರ ಎಣಿಸಿ, ಈ ಸಲ ಸರ್ಕಾರದರ್ಧವನ್ನೂ ನಾನೇ ಕೊಡ್ತಿದ್ದೀನಿ, ಬರ್ಕೊಳ್ಳಿ ಎಂದರು. ಸಾಲಿಗ್ರಾಮದವರು ಮುಯ್ಯಿ ಬರೆಸಿದ ಮೇಲೆ ಮೈಕಿನವನ ಹತ್ತಿರ ಹೋಗಿ ತಮ್ಮ ಹೆಸರು ಕೂಗಿಸಿದರು. ಸರಿಯಾಗಿ ಕೇಳಿಸಲಿಲ್ಲ ಎಂದು ಇನ್ನೊಮ್ಮೆ ಕೂಗಿಸಿದರು.

ತಾರಸಿ ಆಗುವಷ್ಟು ಬರಲಿಲ್ಲ. ಶೀಟು ಹೊದಿಸುವಷ್ಟು ಬಂತು. ಜೂನಿಗೆ ಮಕ್ಕಳು ಬಂದವು, ಮಳೆಯೂ ಬಂತು. ಶೀಟಿನ ಮೇಲೆ ಮಳೆ ಬೀಳುವ ಸದ್ದಿಗೆ ದೊಡ್ಡವರು ನಾಲ್ಕು ಜನ ಕಿವಿ ಮುಚ್ಚಿಕೊಂಡು ಕೂತೆವು. ಮಕ್ಕಳು ಆರಾಮಾಗಿ ಮಲಗಿದ್ದವು.

ಶ್ರಾವಣದಲ್ಲಿ ಎಂಬತ್ತು ಜಿ ನವೀಕರಣದ ಪತ್ರ ಬಂತು. ಮುಯ್ಯಿ ಪುಸ್ತಕ ಮುಂದಿಟ್ಟುಕೊಂಡು, ಒತ್ತಿ ಒತ್ತಿ, ಎಲ್ಲರ ಹೆಸರಿಗೂ ರಸೀದಿ ಬರೆದೆ. ತೆರಿಗೆ ಇರಲಿ ಬಿಡಲಿ, ಕೊಟ್ಟದ್ದಕ್ಕೆ ರಸೀದಿ ಕೊಡುವುದು ನನ್ನ ಕೆಲಸ. ಮೊದಲು ಭೇರ್ಯದ ಕಡೆಗೇ ಹೋದೆ. ಅದೊಂದು ಭಾನುವಾರ, ಹುಡುಗಿಯೂ ನನ್ನ ಜೊತೆ ಊರಿಗೆ ಬಂದಿತ್ತು.

ರೈತ ರಸೀದಿಯನ್ನು ಹಿಂದು ಮುಂದು ತಿರುಗಿಸಿ ನೋಡಿದ. ಮಡಿಸಿದ. ನನ್ನ ಕೈಗೇ ವಾಪಸಿಟ್ಟ.

‘ಸೊಸೈಟೀಲಿ ಸಾಲ ತೀರುದ್ಮೇಲೆ ಕೊಡ್ತಾರಲ್ಲ, ಅದೇ ಅಲ್ವ್ರಾ ಇದು? ಬ್ಯಾಡ ಬುಡಿ. ಇದನ್ನ ಈಸ್ಕೊಂಡ್ರೆ ಲೆಕ್ಕ ಚುಕ್ತಾ ಆಗೋಯ್ತದೆ. ಆಮೇಲೆ ನಮ್ಮನೆ ಕಾರ್ಯಕ್ಕೆ ನೀವ್ಯಾಕ್ ಬತ್ತೀರಿ?’

ರಸೀದಿಯನ್ನು ಚೀಲಕ್ಕೆ ಹಾಕಿಕೊಂಡೆ. ಹನ್ನೆರಡು ವರ್ಷದಲ್ಲಿ ವಾಪಸು ಬಂದ ಮೊದಲ ರಸೀದಿ ಅದು. ಜಗಲಿಯ ಮೇಲೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದ ಅವನ ತಾಯಿ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡು, ನಿಂಗೆ ಈಗ ಎಷ್ಟು ವರ್ಷವ್ವ ಎಂದಳು. ನಲವತ್ತೊಂದು ಎಂದೆ.

ಅಜ್ಜಿ ಕಾಳು ಕೆಳಗಿಟ್ಟು, ಬೆರಳು ಮಡಿಸಿ ಮಡಿಸಿ ಎಣಿಸಿದಳು. ಮೊಮ್ಮಗಳೂ ಪಕ್ಕದಲ್ಲಿ ಕೂತು ತನ್ನ ಬೆರಳು ಮಡಿಸಿ ಎಣಿಸಿತು. ಇಬ್ಬರ ಲೆಕ್ಕವೂ ಒಂದೇ ಬಂತು.

‘ಹನ್ನೊಂದು ಮದ್ವೆ ಅವೆ ಈ ಮನೇಲಿ. ಇವಳ್ದೂ ಸೇರಿ. ಕಡೇದು ಇನ್ನೂ ತೊಟ್ಲಲ್ಲದೆ. ಅದರ ಮದ್ವೆಗಂಟ ನೀನಿರ್ಬೇಕು. ಈಗ ಬಾಕಿ ನಿನ್ ಕಡೆ. ನಡುವೆ ಎಲ್ಲೂ ಹೋಗಂಗಿಲ್ಲ.’

ನಾನು ಹೋದರೆ ಎಷ್ಟು ದಿನಕ್ಕೆ ಯಾರಿಗೆ ಗೊತ್ತಾದೀತು ಎಂದು ಕೆಲವು ಭಾನುವಾರ ಲೆಕ್ಕ ಹಾಕಿದ್ದವಳು ನಾನು. ಈಗ ಅರುವತ್ತೈದು ದಾಟುವ ತನಕ ಸಾಯಲು ರಜೆ ಸಿಗುವುದಿಲ್ಲ ಎಂದಾಯಿತು. ನಗಾಡಿಕೊಂಡು ಕೇಳಿದೆ. ‘ಅಲ್ಲ ಅಜ್ಜಿ, ಅಷ್ಟೊತ್ತಿಗೆ ನೀವೇ ಇರ್ತೀರಾ?’

ಅಜ್ಜಿ ಮತ್ತೆ ಅಲಸಂದೆಕಾಯಿಗೆ ಕೈ ಹಾಕಿದಳು.

‘ನಾನ್ಯಾಕಿರ್ಲಿ? ನಂದೆಲ್ಲ ತೀರೋಗದೆ. ಬಾಕಿ ಇರೋಳು ನೀನು.’